ಮೂರು ಗೇಣು ಹೆಚ್ಚು

ಸುಹಾಸನ ಕೈಗಳು ಕೆಲಸ ಮಾಡುತ್ತಿದ್ದವು. ಸುಹಾಸ ಸುಮ್ಮನೆ ನೋಡುತ್ತಿದ್ದ.

ಹಿಮಾಲಯದ ಒಂದು ಇಳಿಜಾರು, ದೇವದಾರು ಮರಗಳ ಅಂಚು, ಮಧ್ಯಾಹ್ನದ ಮೂರು ಗಂಟೆ. ಇಪ್ಪತ್ತಾರು ವರ್ಷದ ಆ ಯುವಕ ಹುಟ್ಟಿದಾಗಿನಿಂದ ಕೊಡಲಿ ಹಿಡಿದವನಲ್ಲ. ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ಆಳನ್ನು ಕರೆಸುತ್ತಿದ್ದವನು. ಈಗ ಅವನ ಕೈಗಳು ಕವಲೊಡೆದ ಎರಡು ಕೋಲುಗಳನ್ನು ಆರಿಸಿ ಕಡಿದು ತಂದವು, ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ಅವನ್ನು ನೆಲದಲ್ಲಿ ಊರಿದವು, ಕವಲುಗಳ ಮೇಲೆ ಉದ್ದನೆಯ ಗಳ ಇಟ್ಟು ನಾರಿನಿಂದ ಬಿಗಿದವು. ಗಂಟು ಹಾಕಿದ ವೇಗಕ್ಕೆ ಅವನೇ ಬೆರಗಾದ. ಆ ಗಂಟನ್ನು ಹೇಗೆ ಹಾಕಿದೆ ಎಂದು ಯಾರಾದರೂ ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಅವನು ತೊಟ್ಟಿದ್ದು ಮೊಣಕೈವರೆಗೆ ಬರುವ ತೆಳ್ಳನೆಯ ಕೈಗವಸು. ಅದನ್ನು ಕಂಡುಹಿಡಿದವರು ಇಟ್ಟ ಹೆಸರು 'ಕರಸ್ಮೃತಿ'. ಜನ ಕರೆಯುತ್ತಿದ್ದದ್ದು 'ಎರವಲು ಕೈ' ಎಂದು. ಒಂದು ಕಸುಬಿನಲ್ಲಿ ಪಳಗಿದ ಮನುಷ್ಯನ ಸ್ನಾಯುಗಳಲ್ಲಿ ಕೂತಿರುವ ನೆನಪನ್ನು ಅಳೆದು, ಬರೆದಿಟ್ಟು, ಆ ಬರಹವನ್ನು ಸಣ್ಣ ಸಣ್ಣ ವಿದ್ಯುತ್ ಮಿಡಿತಗಳಾಗಿ ಇನ್ನೊಬ್ಬನ ಸ್ನಾಯುಗಳಿಗೆ ಕೊಡುವ ಸಾಧನ ಅದು. ಗವಸು ತೊಟ್ಟು ತೋಳನ್ನು ಸಡಿಲ ಬಿಟ್ಟರೆ ಸಾಕು, ಉಳಿದದ್ದನ್ನು ಯಾರದೋ ಕೈ ನೋಡಿಕೊಳ್ಳುತ್ತದೆ. 'ಸಾಕು' ಎಂದರೆ ನಿಲ್ಲುತ್ತದೆ. ಮಡಕೆ ಮಾಡುವ ಕೈ, ವೀಣೆ ನುಡಿಸುವ ಕೈ, ಹೋಳಿಗೆ ತಟ್ಟುವ ಕೈ, ಎಲ್ಲವೂ ಅಂಗಡಿಯಲ್ಲಿ ಸಿಗುತ್ತಿದ್ದವು. ಅವುಗಳಲ್ಲೆಲ್ಲ ಹೆಚ್ಚು ಖರ್ಚಾದದ್ದು ಕಾಡಿನಲ್ಲಿ ಗುಡಿಸಲು ಕಟ್ಟುವ ಕೈ. ಯಾಕೆಂದರೆ ಆ ಕಾಲಕ್ಕೆ ಊರುಗಳ ಗದ್ದಲದಿಂದ ತಲೆಕೆಟ್ಟವರಿಗೆ ವೈದ್ಯರು 'ಒಂಟಿ ಬಿಡಾರ' ಎಂಬ ಔಷಧಿ ಬರೆದುಕೊಡುತ್ತಿದ್ದರು. ಬೆಟ್ಟಕ್ಕೆ ಹೋಗಬೇಕು, ಡೇರೆ ಒಯ್ಯಬಾರದು, ತಾನೇ ಗುಡಿಸಲು ಕಟ್ಟಿ ಮೂರು ರಾತ್ರಿ ಒಬ್ಬನೇ ಇರಬೇಕು. ಕಟ್ಟಲು ಬರದಿದ್ದವರಿಗೆ ಎರವಲು ಕೈ ಇತ್ತಲ್ಲ.

ಸುಹಾಸನ ಕೈ ಈಗ ಹಾಸಿಗೆಯ ಅಗಲ ಅಳೆಯಿತು. ಹೆಬ್ಬೆರಳು ಕಿರುಬೆರಳುಗಳನ್ನು ಚಾಚಿ ಗೇಣು ಹಾಕಿತು. ಒಂದು, ಎರಡು, ಮೂರು, ನಾಲ್ಕು. ಒಬ್ಬ ಮನುಷ್ಯ ಮಲಗಲು ಅಷ್ಟು ಧಾರಾಳ. ಅಲ್ಲಿಗೆ ಗೂಟ ಬೀಳುತ್ತದೆ ಎಂದುಕೊಂಡ. ಕೈ ಒಂದು ಕ್ಷಣ ತಡೆದು, ಇನ್ನೂ ಮೂರು ಗೇಣು ಮುಂದಕ್ಕೆ ಹೋಗಿ ಅಲ್ಲಿ ಗೂಟ ಹೊಡೆಯಿತು.

ಆ ರಾತ್ರಿ ಹವಾಮಾನದವರು ಹೇಳದಿದ್ದ ಹಿಮ ಬಿತ್ತು. ಮೂರನೆಯ ದಿನ ಹುಡುಕಿಕೊಂಡು ಹೋದಾಗ ಗುಡಿಸಲು ಗಟ್ಟಿಯಾಗಿ ನಿಂತಿತ್ತು, ಒಳಗೆ ಒಂದು ಹನಿಯೂ ಸೋರಿರಲಿಲ್ಲ. ಸುಹಾಸ ಹಾಸಿಗೆಯ ಒಂದು ಮಗ್ಗುಲಲ್ಲಿ ಮುದುಡಿ ಸತ್ತಿದ್ದ. ಇನ್ನೊಂದು ಮಗ್ಗುಲು ಖಾಲಿ ಇತ್ತು, ಸೊಪ್ಪು ಹಾಸಿದ್ದು ಹಾಗೆಯೇ ಇತ್ತು.

ಕಂಬಳಿ ದೊಡ್ಡದಾದಷ್ಟೂ ಒಳ್ಳೆಯದು, ಆದರೆ ಗುಡಿಸಲಿನ ಲೆಕ್ಕ ಬೇರೆ. ಬೆಂಕಿಯಿಲ್ಲದ ಗುಡಿಸಲಿನಲ್ಲಿ ಕಾವು ಕೊಡುವುದು ಮಲಗಿದವನ ಮೈ ಒಂದೇ. ಆ ಮೈ ತನ್ನ ಸುತ್ತಲಿನ ಗಾಳಿಯನ್ನು ಬಿಸಿ ಮಾಡಬೇಕು. ಗಾಳಿ ಕಡಿಮೆಯಿದ್ದರೆ ಗುಡಿಸಲು ಬೆಚ್ಚಗಾಗುತ್ತದೆ, ಹೆಚ್ಚಿದ್ದರೆ ಮೈ ತಣ್ಣಗಾಗುತ್ತದೆ. ಮೂರು ಗೇಣು ಅಗಲದ ಖಾಲಿ ಜಾಗ ಇಡೀ ರಾತ್ರಿ ಸುಹಾಸನ ಮೈಯ ಕಾವನ್ನು ಕುಡಿದಿತ್ತು. ಅಲ್ಲಿ ಇನ್ನೊಬ್ಬ ಮಲಗಿದ್ದರೆ ಇಬ್ಬರೂ ಬದುಕುತ್ತಿದ್ದರು.

ವಿಚಾರಣೆಯ ದಿನ ಸುಹಾಸನ ತಂದೆ ಕೂಗಾಡಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಅವರು ಗುಡಿಸಲಿನ ಚಿತ್ರವನ್ನು ಮೇಜಿನ ಮೇಲಿಟ್ಟು, ಆ ಗವಸನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ವಾರಿಜಾಳನ್ನು ಒಂದೇ ಮಾತು ಕೇಳಿದರು.

"ನನ್ನ ಮಗ ಒಬ್ಬನೇ ಇದ್ದ. ಈ ಜಾಗ ಯಾರಿಗೆ, ಮೇಡಂ?"

ವಾರಿಜಾ ಐವತ್ತು ದಾಟಿದ ಹೆಂಗಸು, ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳು, ತನ್ನ ಸಾಧನ ಮಾಡುವ ಪ್ರತಿ ಚಲನೆಗೂ ಕಾರಣ ಹೇಳಬಲ್ಲೆ ಎಂದು ಸಭೆಗಳಲ್ಲಿ ಜಂಭ ಕೊಚ್ಚಿಕೊಂಡವಳು. ಹಳೆಯ ದಾಖಲೆ ತೆಗೆಸಿ ನೋಡಿದಳು. ಆ ಕೈಗಳಿಂದ ಅಷ್ಟರೊಳಗೆ ನಲವತ್ತು ಸಾವಿರ ಜನ ನಾನಾ ಬೆಟ್ಟಗಳಲ್ಲಿ ಗುಡಿಸಲು ಕಟ್ಟಿದ್ದರು. ನಲವತ್ತು ಸಾವಿರ ಗುಡಿಸಲುಗಳೂ ಮೂರು ಗೇಣು ಹೆಚ್ಚು ಅಗಲ. ಬೆಚ್ಚನೆಯ ಸೀಮೆಯಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. 'ವಿಶಾಲವಾಗಿದೆ' ಎಂದು ಮೆಚ್ಚಿ ಬರೆದವರೂ ಇದ್ದರು.

ಆ ಮೂರು ಗೇಣನ್ನು ತೆಗೆಯಬೇಕು. ತೆಗೆಯಬೇಕಾದರೆ ಅದು ಎಲ್ಲಿಂದ ಬಂತು ಎಂದು ತಿಳಿಯಬೇಕು. ಸ್ನಾಯುವಿನ ನೆನಪು ಒಂದೇ ಸಲ ತೆಗೆದ ಚಿತ್ರವಲ್ಲ. ಅದು ಹಳೆಯ ಮನೆಯ ಗೋಡೆಗೆ ವರ್ಷವರ್ಷವೂ ಬಳಿದ ಸುಣ್ಣದ ಹಾಗೆ ಪದರ ಪದರವಾಗಿ ಕೂತಿರುತ್ತದೆ. ಗವಸು ಆಡಿಸುವುದು ಎಲ್ಲಕ್ಕಿಂತ ಮೇಲಿನ ಪದರವನ್ನು. ಮೇಲಿನದನ್ನು ಕೆರೆದರೆ ಹಿಂದಿನ ವರ್ಷಗಳ ಕೈ ಕಾಣುತ್ತದೆ. ಮೂರು ಗೇಣು ಇಲ್ಲದ ಪದರ ಸಿಗುವವರೆಗೆ ಕೆರೆಯಬೇಕು, ಅಷ್ಟೇ ಉಪಾಯ. ಆದರೆ ಕೆರೆಯುವ ಮೊದಲು ಆ ಕೈ ಯಾರದೋ ಅವರ ಮನೆಯವರನ್ನು ಕೇಳುವುದು ಸಂಸ್ಥೆಯ ನಿಯಮವಾಗಿತ್ತು.

ಆ ಕೈ ಬೇದೇಗೌಡನದು. ಚಾಮರಾಜನಗರದ ಕಡೆಯ ಬೆಟ್ಟಸಾಲಿನ ಒಂದು ಪೋಡಿನವನು, ಅಂದರೆ ಕಾಡೊಳಗಿನ ಸಣ್ಣ ಹಾಡಿಯವನು. ಹರೆಯದಲ್ಲಿ ಹಗ್ಗ ಹಿಡಿದು ಇಳಿದು ಬಂಡೆಜೇನು ಕೀಳುತ್ತಿದ್ದ, ಆಮೇಲೆ ನಲವತ್ತು ವರ್ಷ ಕಾಡು ಕಾಯುವ ಕೆಲಸ ಮಾಡಿದ. ಬೆಟ್ಟದ ಮೇಲೆ ಒಬ್ಬನೇ ಗುಡಿಸಲು ಕಟ್ಟಿಕೊಂಡು ವಾರಗಟ್ಟಲೆ ಇರುತ್ತಿದ್ದವನೆಂದೇ ಸಂಸ್ಥೆ ಅವನನ್ನು ಆರಿಸಿತ್ತು. ಕೈಯ ನೆನಪನ್ನು ಬರೆಸಿಕೊಟ್ಟ ಮರುವರ್ಷ ತೀರಿಕೊಂಡಿದ್ದ. ಹೆಂಡತಿ ಕೇತಮ್ಮ ಇದ್ದಳು.

ವಾರಿಜಾ ಹೋದಾಗ ಕೇತಮ್ಮ ಮನೆಯ ಮುಂದೆ ಕೂತು ಪೊರಕೆಹುಲ್ಲು ಕಟ್ಟುತ್ತಿದ್ದಳು. ಅರವತ್ತೆಂಟರ ಹೆಂಗಸು, ಗಟ್ಟಿ ಮೈ. ಗವಸನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಇದ್ರೊಳಗ ಅವನ ಕೈ ಅದಾ?"

"ಅವರ ಕೈಗೆ ಏನು ಗೊತ್ತಿತ್ತೋ ಅದು ಇದೆ, ಅಮ್ಮ."

"ಏನೂ ಗೊತ್ತಿರ್ನಿಲ್ಲ ಕನವ್ವ. ಗುಡ್ಲು ಕಟ್ಟಾದೊಂದ್ ಬುಟ್ರ." ಕೇತಮ್ಮ ನಕ್ಕಳು. "ಒಂದ್ ದಿಸಾರೂ ನನ್ ತಲ ಸವರ್ಲಿಲ್ಲ ಆ ಕೈ."

ವಾರಿಜಾ ಮೂರು ಗೇಣಿನ ವಿಷಯ, ನಲವತ್ತು ಸಾವಿರ ಗುಡಿಸಲುಗಳ ವಿಷಯ ಹೇಳಿದಳು. ಸುಹಾಸ ಸತ್ತದ್ದನ್ನೂ ಅವನ ತಂದೆ ಕೇಳಿದ್ದನ್ನೂ ಮುಚ್ಚಿಡಲಿಲ್ಲ. ಕೇತಮ್ಮನ ನಗು ಇಳಿಯಿತು. ಸ್ವಲ್ಪ ಹೊತ್ತು ಪೊರಕೆಯನ್ನು ಕುಟ್ಟಿ ಕುಟ್ಟಿ ಸಮ ಮಾಡಿದಳು.

"ಯಾಕ್ ಹಂಗ್ ಕಟ್ತಿದ್ನೋ ನಂಗ್ ಗೊತ್ತಿಲ್ಲ. ಮನೇಲೂ ಹಂಗೇಯ. ಚಾಪ ಅಷ್ಟಗಲ ಇದ್ರೂ ಒಂದ್ ಅಂಚ್ಗ ಸರ್ಕೊಂಡೇ ಮನಗೋನು. ಅದು ಅವನ ಚಾಳಿ ಅನ್ಕಂಡಿದ್ದಿ."

"ಮೊದಲಿಂದಲೂ ಹಾಗೆಯೇ?"

"ಮೊದಲು ಇಲ್ಲ. ನನ್ ತಮ್ಮ ಹೋದ್ಮೇಲ."

ಆಮೇಲೆ ಅವಳು ಹೇಳಿದ್ದನ್ನು ವಾರಿಜಾ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವ ಮಾತು ಅನ್ನಿಸಲಿಲ್ಲ.

"ಬಂಡಜೇನು ಕೀಳೋನ ಹಗ್ಗವ ನಮ್ ಪೋಡಲ್ಲಿ ಯಾರ್ ಕೈಲಂದ್ರ ಅವ್ರ ಕೈಲಿ ಕೊಡಲ್ಲ. ಹೆಂಡ್ತಿ ಒಡಹುಟ್ದವ್ನೇ ಹಿಡೀಬೇಕು. ಅಕ್ಕನ ಬಾಳು ಆ ಹಗ್ಗದ್ ತುದೀಲಿರ್ತದಲ್ಲ, ಅಂವ ಕೈ ಬುಡಲ್ಲ. ನಮ್ಮವನ್ಗ ನನ್ ತಮ್ಮ ಜಡೆಯ ಹಿಡೀತಿದ್ದ. ಅವ್ರಿಬ್ರಿಗ ಮಾತ್ ಬಂತೋ, ಆ ದಿಸ ಹಗ್ಗ ಮುಟ್ಟಂಗಿಲ್ಲ. ಒಂದೇ ಎಲೇಲಿ ಉಂಡು, ಒಂದೇ ಸೂರಡಿ ಒಂದ್ ರಾತ್ರಿ ಮನಗಿ, ಆಮೇಲೇ ಹಗ್ಗ. ಅದು ನಮ್ಮೋರ ಕಟ್ಟು."

"ಇಬ್ಬರಿಗೂ ಜಗಳ ಆಗುತ್ತಿತ್ತಾ?"

"ನನ್ ಕಣ್ಗ ಒಂದಿನ ಬಿದ್ದಿಲ್ಲ. ಆ ಸರ್ತಿ ಹೊರಡವಾಗ ನಮ್ ಮಗಿಗ ಜ್ವರ. ಜಡೆಯನ್ಗ ನಾನೇ ಹೇಳ್ದಿ, ನೀನಾರೂ ಬಿರ್ರನ ಬಂದ್ಬುಡು ಕನಪ್ಪ, ನಂಗ ಭಯ ಆಯ್ತದ ಅಂತ. ಬೆಟ್ಟದ್ ಮ್ಯಾಲ ಹೋಗಿ, ಆ ಮಾತ ನೆನ್ಸಕಂಡು, ಸಂಜೇಲೇ ಮಳೇಲಿ ಇಳ್ದವ್ನೆ. ಹಂಗಂತ ನಮ್ಮವ ಬಂದ್ ಹೇಳ್ದ. ಹಳ್ಳ ತುಂಬಿತ್ತು. ಮೂರ್ ದಿಸಕ್ಕ ಸಿಕ್ದ. ಮಗಿಗ ಜ್ವರ ಮಾರ್ನೇ ಬೆಳಗ್ಗೇ ಬುಟ್ಟಿತ್ತು."

ಕೇತಮ್ಮ ಅದನ್ನು ಅಳದೆ ಹೇಳಿದಳು. ನಲವತ್ತಮೂರು ವರ್ಷ ಮನಸ್ಸಿನಲ್ಲೇ ಹೇಳಿಕೊಂಡು ಸವೆದ ಮಾತುಗಳು ಅವು. ಅಂದಿನಿಂದ ಅವಳು ಜೇನು ಬಾಯಿಗಿಟ್ಟಿರಲಿಲ್ಲ. ಬೇದೇಗೌಡ ಹಗ್ಗ ಬಿಟ್ಟು ಕಾಡು ಕಾಯಲು ಸೇರಿದ. ಗಂಡ ಹೆಂಡತಿ ಆ ವಿಷಯ ಮತ್ತೆ ಎತ್ತಲಿಲ್ಲ.

"ನನ್ ಬಾಯೇ ಅವನ ಕೊಂದದ್ದು," ಎಂದಳು. "ನೀ ಆ ಕೈಯ ಕೆರ್ದು ನೋಡ್ತಿನಿ ಅಂತೀಯಲ್ಲ. ಆ ದಿಸದ್ದೇನಾರೂ ಇದ್ರ ನಂಗ ಹೇಳ್ಬೇಕು. ನನ್ ಮಾತ ಕೇಳೇ ಇಳ್ದನಾ ಅಂವ, ಅದೊಂದ್ ನಾ ಸಾಯದ್ರೊಳಗ ತಿಳೀಬೇಕು."

"ಕೈಗೆ ಮಾತು ನೆನಪಿರುವುದಿಲ್ಲ, ಅಮ್ಮ."

"ಇದ್ರ," ಎಂದಳು ಕೇತಮ್ಮ. ವಾರಿಜಾ ಆಗಲಿ ಎಂದು ತಲೆಯಾಡಿಸಿ ಬಂದಳು.

ಪ್ರಯೋಗಾಲಯದಲ್ಲಿ ಪದರ ಕೆರೆಯುವ ಕೆಲಸ ಹದಿನೆಂಟು ದಿನ ಹಿಡಿಯಿತು. ನಲವತ್ತು ವರ್ಷಗಳ ಪದರಗಳಲ್ಲೂ ಆ ಮೂರು ಗೇಣು ಇತ್ತು. ಅವುಗಳ ಕೆಳಗೆ, ಸುಮಾರು ನಲವತ್ತಮೂರು ವರ್ಷ ಹಿಂದಿನ ಒಂದು ಪದರದಲ್ಲಿ ಅದು ಇರಲಿಲ್ಲ. ಅಲ್ಲಿ ಕೈ ನಾಲ್ಕು ಗೇಣಿಗೆ ಗೂಟ ಹೊಡೆಯುತ್ತಿತ್ತು. ಅಷ್ಟೇ ಅಲ್ಲ, ಆ ಪದರ ಬೇರೆಲ್ಲಕ್ಕಿಂತ ಆಳವಾಗಿ ಕೊರೆದು ಕೂತಿತ್ತು. ಇದು ಬೇದೇಗೌಡ ತನ್ನ ಕಸುಬನ್ನು ಪೂರ್ತಿ ಕರಗತ ಮಾಡಿಕೊಂಡ ಕಾಲ ಎಂದು ವಾರಿಜಾ ಸಂತೋಷಪಟ್ಟಳು. ಕಲಿತದ್ದು ಆಳಕ್ಕೆ ಇಳಿಯುತ್ತದೆ, ನಿಜ. ಹೆದರಿದ್ದು ಅದಕ್ಕಿಂತ ಆಳಕ್ಕೆ ಇಳಿಯುತ್ತದೆ ಎಂಬುದು ಅವಳೇ ಬರೆದ ಪುಸ್ತಕದಲ್ಲಿ ಇತ್ತು. ಬೇರೆಯವರಿಗೆ ಹೇಳಿದ ಬುದ್ಧಿ ತನಗೆ ಬೇಕಾದಾಗ ನೆನಪಿಗೆ ಬರುವುದಿಲ್ಲ.

ಹೊಸ ಗವಸನ್ನು ಕೈ ಎಲ್ಲಿ ಕಲಿತಿತ್ತೋ ಅದೇ ನೆಲದಲ್ಲಿ, ಒಬ್ಬರೇ ಹೋಗಿ ಪರೀಕ್ಷಿಸಬೇಕು. ನಡುವೆ ಎಲ್ಲೂ 'ಸಾಕು' ಎನ್ನಬಾರದು, ನೆನಪು ತಾನಾಗಿ ಮುಗಿಯಬೇಕು. ಈ ಸಲ ವಾರಿಜಾ ಸಹಾಯಕರನ್ನು ಕಳಿಸದೆ ತಾನೇ ಹೊರಟಳು. ಸುಹಾಸನ ತಂದೆಯ ಮುಖ ಅವಳನ್ನು ಬಿಟ್ಟಿರಲಿಲ್ಲ.

ಪೋಡಿನಿಂದ ಎರಡು ಗಂಟೆ ಹತ್ತಿದರೆ ಬೆಟ್ಟದ ಹೆಗಲು. ಒಂದು ಕಡೆ ಹುಲ್ಲುಗಾವಲು, ಇನ್ನೊಂದು ಕಡೆ ಬಂಡೆ ಕೆಳಕ್ಕೆ ಕಡಿದುಹೋಗುತ್ತದೆ. ಜೇನುಗೂಡುಗಳ ಹಳೆಯ ಕಲೆಗಳು ಬಂಡೆಯ ಮೈಮೇಲೆ ಕಪ್ಪಗೆ ಕಾಣುತ್ತಿದ್ದವು. ಗವಸು ತೊಟ್ಟು ತೋಳು ಸಡಿಲಿಸಿದಳು. ಇದು ಸುಹಾಸ ತೊಟ್ಟಿದ್ದ ಮುದಿ ಕೈಯಲ್ಲ, ಮೂವತ್ತರ ಆಸುಪಾಸಿನ ಕೈ. ಕೊಡಲಿ ಬೀಸಿದ ರಭಸಕ್ಕೆ ಅವಳ ಭುಜ ಉಳುಕಿತು. ಕವಲುಕೋಲು ಊರುವಾಗ, ನಾರು ಬಿಗಿಯುವಾಗ, ಕೈಗಳಲ್ಲಿ ಏನೋ ಸಿಟ್ಟು ಇತ್ತು. ಗಂಟುಗಳನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದವು. ಬೇಗ ಮುಗಿಸುವ ಆತುರದಲ್ಲಿದ್ದಾನೆ, ಮಳೆ ಬರುವಂತಿರಬೇಕು ಎಂದುಕೊಂಡಳು.

ನಾಲ್ಕು ಗೇಣು. ಗೂಟ. ವಾರಿಜಾ ಉಸಿರು ಬಿಟ್ಟಳು. ಇಳಿಜಾರಿನ ಕಡೆ ನೀರು ಹೋಗಲು ಸಣ್ಣ ಕಾಲುವೆ, ಮೇಲೆ ಹುಲ್ಲಿನ ಹೊದಿಕೆ, ಒಳಗೆ ಒಣಸೊಪ್ಪಿನ ಹಾಸು. ಕೊನೆಗೆ ಕಡ್ಡಿ ಸೊಪ್ಪು ಹೆಣೆದು ಬಾಗಿಲಿಗೆ ಒಂದು ತಟ್ಟಿ. ಒಬ್ಬ ಮಲಗಿದರೆ ಮಗ್ಗುಲು ಬದಲಿಸುವಷ್ಟೇ ಜಾಗ. ಇಂಥ ಗೂಡಿನಲ್ಲಿ ಮಲಗಿದ್ದರೆ ಸುಹಾಸ ಬದುಕಿರುತ್ತಿದ್ದ. ಕೆಲಸ ಮುಗಿಯಿತು ಎಂದು ಅವಳು ಒಳಗೆ ತೆವಳಿದಳು, ತಟ್ಟಿಯನ್ನು ಎಳೆದುಕೊಂಡಳು.

ಕೈಗಳು ತಟ್ಟಿಯನ್ನು ಬಿಡಲಿಲ್ಲ.

ಎರಡೂ ಕೈ ತಟ್ಟಿಯ ನಡುವಿನ ಕಡ್ಡಿಯನ್ನು ಹಿಡಿದು ಒಳಕ್ಕೆ ಜಗ್ಗಿ ನಿಂತವು. ಯಾರೋ ಹೊರಗಿನಿಂದ ಸರಿಸಲು ನೋಡುತ್ತಿದ್ದಾರೆ, ಇವು ಸರಿಸಲು ಬಿಡುತ್ತಿಲ್ಲ, ಹಾಗಿತ್ತು ಆ ಬಿಗಿ. ಹೊರಗೆ ಹಾಡುಹಗಲು, ಹುಲ್ಲಿನ ಮೇಲೆ ಬಿಸಿಲು, ಒಂದು ನರಪಿಳ್ಳೆಯೂ ಇಲ್ಲ. ಬಿಗಿ ಸ್ವಲ್ಪ ಸಡಿಲವಾಯಿತು. ಮತ್ತೆ ಬಿಗಿಯಾಯಿತು. ಮತ್ತೆ ಸಡಿಲ. ಹೊರಗಿನದು ದೂಡುವುದು, ನಿಲ್ಲಿಸುವುದು, ಸ್ವಲ್ಪ ಕಾಯುವುದು, ಮತ್ತೆ ದೂಡುವುದು. ಮೂರು ಸಲ ಹಾಗಾಯಿತು. ಮೂರನೆಯ ಸಲದ ಮೇಲೆ ಹೊರಗಿನದು ದೂಡಲಿಲ್ಲ. ಆದರೂ ಕೈಗಳು ಹಿಡಿದೇ ಇದ್ದವು. ವಾರಿಜಾಳ ಬೆರಳುಗಳು ಮರಗಟ್ಟಿದವು, ಬೆನ್ನಿನಲ್ಲಿ ಬೆವರು ಇಳಿಯಿತು. 'ಸಾಕು' ಎಂದುಬಿಡಲೇ ಎಂದು ಎರಡು ಸಲ ಬಾಯಿ ತೆರೆದಳು. ಕಾಲು ಗಂಟೆ ಕಳೆದಿರಬೇಕು.

ಆಮೇಲೆ ಕೈಗಳು ತಟ್ಟಿಯನ್ನು ಪಕ್ಕಕ್ಕೆ ಎಸೆದವು. ಅವಳನ್ನು ಮೊಣಕಾಲ ಮೇಲೆ ಹೊರಗೆಳೆದವು. ಅಂಗೈಗಳು ನೆಲವನ್ನು ಸವರತೊಡಗಿದವು, ಎಡಕ್ಕೆ, ಬಲಕ್ಕೆ, ಕೈಗೆಟುಕುವಷ್ಟು ದೂರ. ಕತ್ತಲಲ್ಲಿ ಏನನ್ನೋ ಹುಡುಕುವ ಕೈಗಳು ಅವು. ಬಿಸಿಲಿನಲ್ಲಿ ಕಣ್ಣು ತೆರೆದುಕೊಂಡು ವಾರಿಜಾ ಅವುಗಳ ಹಿಂದೆ ತೆವಳಿದಳು. ಹುಲ್ಲು, ಕಲ್ಲು, ಮತ್ತೆ ಹುಲ್ಲು. ನೆನಪು ಅಲ್ಲಿಗೆ ಮುಗಿದು ತೋಳುಗಳು ಜೋತುಬಿದ್ದವು.

ವಾರಿಜಾ ಗವಸು ಬಿಚ್ಚಿದಳು. ಅವಳಿಗೆ ಅರ್ಥವಾಗಿತ್ತು. ಇಳಿಯುತ್ತಾ ದಾರಿಯುದ್ದಕ್ಕೂ ಅವಳು ಯೋಚಿಸಿದ್ದು ವಿಜ್ಞಾನವನ್ನಲ್ಲ. ಕೇತಮ್ಮನಿಗೆ ಉಳಿದಿದ್ದದ್ದು ಎರಡೇ. ತನ್ನ ಮಾತು ತಮ್ಮನನ್ನು ಕೊಂದಿತು ಎಂಬ ನೋವು, ತನ್ನ ಜೊತೆ ಆ ನೋವನ್ನು ಹೊತ್ತ ಗಂಡನ ನೆನಪು. ನಿಜ ಹೇಳಿದರೆ ಮೊದಲನೆಯದು ಹೋಗುತ್ತದೆ, ಎರಡನೆಯದೂ ಹೋಗುತ್ತದೆ. ಪೋಡು ಕಾಣುವ ಹೊತ್ತಿಗೆ ಒಂದು ಸುಳ್ಳನ್ನು ಸಿದ್ಧಮಾಡಿಕೊಂಡಿದ್ದಳು.

ಕೇತಮ್ಮ ರಾಗಿ ಮಾಲ್ಟಿನಂಥದ್ದೇನೋ ಲೋಟದಲ್ಲಿ ಕೊಟ್ಟು ಎದುರಿಗೆ ಕೂತಳು. "ಇತ್ತಾ?" ಎಂದಳು.

"ಆ ದಿನದ್ದು ಇರಬಹುದು. ಖಚಿತವಾಗಿ ಹೇಳಲಾರೆ. ಗುಡಿಸಲಿನ ಹೊರಗೆ ಯಾವುದೋ ಪ್ರಾಣಿ ಬಂದಿತ್ತು. ಕರಡಿ ಇರಬೇಕು. ಅವರು ಒಳಗಿಂದ ತಟ್ಟಿ ಹಿಡಿದುಕೊಂಡಿದ್ದರು. ಅಷ್ಟೇ ಇರುವುದು, ಅಮ್ಮ."

ಕೇತಮ್ಮ ಅವಳ ಮುಖವನ್ನೇ ನೋಡಿದಳು.

"ಕರಡಿಗ ಯಾರೂ ತಟ್ಟಿ ಹಿಡಿಯಲ್ಲ ಕನವ್ವ. ಬೆಂಕಿ ಹಿಡೀತರ."

ವಾರಿಜಾ ಲೋಟ ಕೆಳಗಿಟ್ಟಳು.

"ಎಷ್ಟಗಲ ಕಟ್ಟಿದ್ದ ಆ ಗುಡ್ಲ?"

"ನಾಲ್ಕು ಗೇಣು."

"ಒಬ್ಬನ್ಗ." ಕೇತಮ್ಮ ತನ್ನ ಕೈಯನ್ನು ಚಾಪೆಯ ಮೇಲೆ ಗೇಣು ಹಾಕಿ ನೋಡಿದಳು, ಅದೆಷ್ಟು ಎಂದು ತಿಳಿಯದವಳ ಹಾಗೆ. "ಇಬ್ರು ಹೋದಲ್ಲಿ ಒಬ್ಬನ್ಗ ಕಟ್ಟಿದ್ದ ಅಂದ್ರ ಮಾತ್ ಬಂದಿತ್ತು. ಜಡೆಯ ಕಟ್ಟು ಮೀರೋನಲ್ಲ. ಒಂದೇ ಸೂರಡಿ ಮನಗವ, ಬಾಕ್ಲ ತಗಿ ಭಾವ ಅಂತ ಬಂದವ್ನೆ. ಎಷ್ಟ್ ಸರ್ತಿ ನೂಕ್ದ?"

ಇನ್ನು ಸುಳ್ಳು ಹೇಳಿ ಫಲವಿರಲಿಲ್ಲ. "ಮೂರು ಸಲ. ಮೆಲ್ಲಗೆ."

"ನಮ್ಮವ ತಗೀನಿಲ್ಲ."

"ಆಮೇಲೆ ತೆಗೆದರು ಅಮ್ಮ. ಕಾಲು ಗಂಟೆಯಾದ ಮೇಲೆ. ಹೊರಗೆ ಬಂದು ಹುಡುಕಿದರು. ನೆಲವೆಲ್ಲ ತಡಕಿದರು."

"ಆಗ ಇಳ್ದ್ಬುಟ್ಟಿದ್ದ," ಎಂದಳು ಕೇತಮ್ಮ. ಆಮೇಲೆ ತನಗೆ ತಾನೇ ಎಂಬಂತೆ, "ಹಂಗಾರ ನಾ ಕರ್ದದ್ದಕ್ಕಲ್ಲ," ಎಂದಳು.

ಅವಳ ಮುಖದಲ್ಲಿ ಮೊದಲು ಬಂದದ್ದು ಬಿಡುಗಡೆ. ಅದನ್ನು ವಾರಿಜಾ ಕಣ್ಣಾರೆ ಕಂಡಳು. ಆದರೆ ಅದು ಬಹಳ ಹೊತ್ತು ನಿಲ್ಲಲಿಲ್ಲ.

"ನಲವತ್ಮೂರು ವರ್ಷ ನಾ ಜೇನ್ ಮುಟ್ನಿಲ್ಲ. ವರ್ಷವರ್ಷ ಆ ದಿಸ ಉಪಾಸ ಇದ್ದಿ. ಪಕ್ದಲ್ಲೇ ಕುಂತ್ಕಂಡು ನೋಡ್ತಿದ್ದ. ನಿನ್ನಿಂದಲ್ಲ ಕನ ಅಂತ ಒಂದ್ ಮಾತ್ ಆಡ್ನಿಲ್ಲ." ಅವಳ ಧ್ವನಿ ಏರಲಿಲ್ಲ. "ಆ ಹುಡ್ಗನ ಅಪ್ಪ ಕೇಳುದ್ರಲ್ಲ, ಜಾಗ ಯಾರ್ಗ ಅಂತ. ಹೇಳವ್ವ ಅವ್ರಿಗ. ಜಡೆಯನ್ಗ ಅಂತ. ಎಷ್ಟ್ ಗುಡ್ಲು ಅಂದೆ?"

"ನಲವತ್ತು ಸಾವಿರ."

"ಅಷ್ಟ್ ಕಡ ಜಾಗ ಮಾಡವ್ನೆ. ಬೇಕಾದ್ ದಿಸ ಒಂದ್ ಕಡ ಮಾಡ್ನಿಲ್ಲ."

ವಾರಿಜಾ ಆ ಕೈಯ ಬರಹವನ್ನೇ ಮುಚ್ಚಿಬಿಡುವುದಾಗಿ ಹೇಳಿದಳು. ಮೇಲಿನ ಪದರ ಹೊರಗೆ ಬಿಟ್ಟರೆ ಹಿಮದಲ್ಲಿ ಜನ ಸಾಯುತ್ತಾರೆ, ಕೆಳಗಿನದನ್ನು ಬಿಟ್ಟರೆ ನಲವತ್ತು ಸಾವಿರ ಜನ ಒಬ್ಬ ಸತ್ತವನಿಗೆ ಬಾಗಿಲು ಹಾಕುತ್ತಾರೆ. ಸಂಸ್ಥೆಗೆ ಏನಾದರೊಂದು ತಾಂತ್ರಿಕ ಕಾರಣ ಬರೆದುಕೊಡುತ್ತೇನೆ, ಬರಹವನ್ನು ಅಳಿಸುತ್ತೇನೆ ಎಂದಳು.

"ಅಳ್ಸು," ಎಂದಳು ಕೇತಮ್ಮ. "ಅಳ್ಸಾಕ್ ಮುಂಚ ಒಂದ್ ಸರ್ತಿ ನಂಗ ತೋರ್ಸು. ನೀ ಗವ್ಸು ಹಾಕಂಡ್ ಒಳಗ್ ಕುಂತ್ಕೊ. ನಾ ಹೊರಗಿರ್ತಿನಿ."

ವಾರಿಜಾ ಬೇಡವೆಂದಳು, ಕೇತಮ್ಮ ಕೇಳಲಿಲ್ಲ. ಮರುದಿನ ಬೆಳಗ್ಗೆ ಇಬ್ಬರೂ ಹತ್ತಿದರು. ಕೇತಮ್ಮ ಮುಂದೆ, ವಾರಿಜಾ ಏದುಸಿರು ಬಿಡುತ್ತಾ ಹಿಂದೆ. ನಾಲ್ಕು ಗೇಣಿನ ಗುಡಿಸಲು ಹಿಂದಿನ ದಿನ ಬಿಟ್ಟಂತೆಯೇ ಇತ್ತು. ಕೇತಮ್ಮ ಅದನ್ನು ಒಂದು ಸುತ್ತು ಬಂದು, ಒಂದು ಗಂಟನ್ನು ಬೆರಳಿನಿಂದ ಮುಟ್ಟಿ, "ಅವಂದೇಯ," ಎಂದಳು.

ವಾರಿಜಾ ಒಳಗೆ ತೆವಳಿ ತಟ್ಟಿ ಎಳೆದುಕೊಂಡು, ನೆನಪನ್ನು ಅದೇ ಜಾಗದಿಂದ ಆರಂಭಿಸಿದಳು. ಕೈಗಳು ನಡುವಿನ ಕಡ್ಡಿಯನ್ನು ಹಿಡಿದವು. ಹೊರಗಿನಿಂದ ಕೇತಮ್ಮ ತಟ್ಟಿಯನ್ನು ಮೆಲ್ಲಗೆ ದೂಡಿದಳು. ಕೈಗಳು ಬಿಗಿದವು. ಅವಳು ಬಿಟ್ಟು, ಕಾದು, ಮತ್ತೆ ದೂಡಿದಳು. ಎಷ್ಟು ಹೊತ್ತು ಕಾಯಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಕೈಗಳ ಬಿಗಿಗೂ ಅವಳ ದೂಡುವಿಕೆಗೂ ತಾಳ ಕೂಡಿತು.

ಮೂರನೆಯ ಸಲ ಅವಳು ಸಣ್ಣ ದನಿಯಲ್ಲಿ, "ಬಾಕ್ಲ ತಗಿ, ಭಾವ," ಎಂದಳು.

ಕೈಗಳು ತೆಗೆಯಲಿಲ್ಲ. ವಾರಿಜಾ ಒಳಗೆ ಕಣ್ಣು ಮುಚ್ಚಿ ಅತ್ತಳು. ತನ್ನ ಶಕ್ತಿಯೆಲ್ಲ ಹಾಕಿ ತೆಗೆಯಲು ನೋಡಿದಳು, ಆಗಲಿಲ್ಲ. ಮೂವತ್ತು ವರ್ಷದ ಗಂಡಸಿನ ಹಠದ ಮುಂದೆ ಅವಳ ಬಲ ಎಷ್ಟರದು. 'ಸಾಕು' ಎಂಬ ಒಂದು ಮಾತಿಗೆ ಅದು ನಿಲ್ಲುತ್ತಿತ್ತು, ಆದರೆ ಆ ಮಾತನ್ನು ಆಡುವ ಹಕ್ಕು ತನ್ನದಲ್ಲ ಅನ್ನಿಸಿತು. ಹೊರಗೆ ಸದ್ದಿಲ್ಲ. ಕೇತಮ್ಮ ಹೋಗಿಬಿಟ್ಟಳೋ ಏನೋ ಎಂದುಕೊಂಡಳು.

ಕಾಲು ಗಂಟೆಯ ಮೇಲೆ ತಟ್ಟಿ ಪಕ್ಕಕ್ಕೆ ಬಿತ್ತು. ಕೇತಮ್ಮ ಹೋಗಿರಲಿಲ್ಲ. ಬಾಗಿಲ ಎದುರಿಗೇ, ಕಾಲು ಚಾಚಿ, ಹುಲ್ಲಿನ ಮೇಲೆ ಕೂತಿದ್ದಳು. ಕೈಗಳು ವಾರಿಜಾಳನ್ನು ಹೊರಗೆಳೆದು ನೆಲ ತಡಕತೊಡಗಿದವು. ಎಡಕ್ಕೆ ಸವರಿದವು, ಬಲಕ್ಕೆ ಸವರಿದವು, ಮುಂದಕ್ಕೆ ಬಂದು ಕೇತಮ್ಮನ ಪಾದಗಳ ಮೇಲೆ ಬಿದ್ದವು. ಗಂಡನ ಕೈ ಕಾಲಿಗೆ ತಾಕಬಾರದೆಂದು ಅವಳು ಸರಕ್ಕನೆ ಎಳೆದುಕೊಳ್ಳಹೋದಳು. ಆಮೇಲೆ ಎಳೆದುಕೊಳ್ಳಲಿಲ್ಲ.

"ಇಲ್ಲ ಕನ," ಎಂದಳು ಆ ಕೈಗಳಿಗೆ. "ಇಳ್ದ್ಬುಟ್ಟ ಅಂವ. ಸಿಕ್ಕಲ್ಲ. ಒಳಿಕ್ಕೋಗಿ ಮನಿಕೊ ನೀ."

ಕೈಗಳು ಅವಳ ಪಾದಗಳನ್ನು ದಾಟಿ, ಮುಂದಿನ ಹುಲ್ಲಿನಲ್ಲಿ ಹುಡುಕುತ್ತಾ ಹೋದವು.